ಕೊಲಂಬೊದ ಚಿತ್ರಶಾಲೆಯಲ್ಲಿ ಹುಲುಗಪ್ಪನವರ ಸೊಲ್ಲು

1951ರ ಫೆಬ್ರುವರಿ 11, ಭಾನುವಾರ ಸಂಜೆ, ಸಿಂಹಳದ ಕೊಲಂಬೊ ನಗರದ ಒಂದು ಚಿತ್ರಶಾಲೆಯಲ್ಲಿ ಕುರುಗೋಡಿನ ದೊಡ್ಡಬಸಪ್ಪನವರು ಒಂದು ಕನ್ನಡ ಪದ ಹಾಡಿದರು. ಪ್ರತಿ ಸಾಲು ಹಾಡಿದ ಮೇಲೆ ಇನ್ನೊಂದು ಸಾಲಿನಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಏಕತಾರಿಯನ್ನಷ್ಟೇ ಮೀಟಿದರು. ಆ ಹೊತ್ತಿನಲ್ಲಿ ಹಾಡಬೇಕಾಗಿದ್ದ ಸಿರುಗುಪ್ಪದ ಹುಲುಗಪ್ಪನವರು ಸಮುದ್ರದ ಈಚೆ, ಮಂಡಪಂ ಕ್ಯಾಂಪಿನ ಶೆಡ್ಡೊಂದರಲ್ಲಿ ಮಲಗಿದ್ದರು.

ಈ ಪ್ರಯಾಣದ ಬಗ್ಗೆ ನಾನು ಕಳಿಸಿದ ಐದು ಸಾಲಿನ ಸುದ್ದಿಯೊಂದು ನಮ್ಮ ವಾರಪತ್ರಿಕೆಯಲ್ಲಿ ಆಗಲೇ ಅಚ್ಚಾಗಿದೆ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೆ ಅದನ್ನು ಓದಿದ ಸಿರುಗುಪ್ಪದ ಜನ ಹುಲುಗಪ್ಪ ತೀರಿಕೊಂಡರೆಂದು ತಿಳಿದರು. ಅವರು ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಇದನ್ನು ಮೊದಲೇ ಹೇಳಿ, ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬಳ್ಳಾರಿ, ಸಿರುಗುಪ್ಪ

ಯುದ್ಧದ ವರ್ಷಗಳಲ್ಲಿ ಮಿಸ್ ಪೆರೇರಾ ಎಂಬ ಸಿಂಹಳದ ನರ್ಸ್ ನಮ್ಮ ಕಂಟೋನ್ಮೆಂಟಿನಲ್ಲಿದ್ದರು. ರಜೆ ಸಿಕ್ಕಾಗ ಕುರುಗೋಡಿಗೆ ಹೋಗಿ ಭಜನೆ ಕೇಳುತ್ತಿದ್ದರು. ಯುದ್ಧ ಮುಗಿದು ಊರಿಗೆ ಹೋದ ಮೇಲೂ ಆ ಇಬ್ಬರು ಹಾಡುಗಾರರನ್ನು ಮರೆತಿರಲಿಲ್ಲ. ಕಳೆದ ವರ್ಷದ ಕೊನೆಗೆ ನನ್ನ ಹೆಸರಿಗೆ ಒಂದು ಪತ್ರ ಬಂತು. ಅವರ ಅಣ್ಣ ಚಿತ್ರಕಾರ. ಹೃದಯವೆಂಬ ಒಂದೇ ವಿಷಯದ ಮೇಲೆ ಇಪ್ಪತ್ತು ಚಿತ್ರ ಬರೆದಿದ್ದಾರೆ. ಆ ಚಿತ್ರಗಳ ನಡುವೆ ಕೂತು ಹೃದಯದ ಬಗ್ಗೆಯೇ ಹಾಡು, ಕವಿತೆ ಕೇಳುವ ಒಂದು ಸಂಜೆ. ನಮ್ಮವರೂ ಬರಬೇಕು.

ದೊಡ್ಡಬಸಪ್ಪನವರಿಗೆ ಐವತ್ತು ದಾಟಿದೆ. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಬಟ್ಟೆ ಅಂಗಡಿ, ಸೋಮವಾರ ಸೋಮವಾರ ಭಜನೆ. ಪತ್ರ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು.

“ಎದಿ ಏನ ಕಣ್ಣಿಗೆ ಕಾಣತೈತೇನ್ರಿ ರಾಯರ, ಚಿತ್ರ ಬರಿಯಾಕ?”

“ಕೇಳೋದಂತೂ ಕೇಳತೈತಲ್ಲಲೇ, ಹೋಗೂಣು ನಡಿ” ಎಂದರು ಪಕ್ಕದಲ್ಲಿದ್ದ ಹುಲುಗಪ್ಪ.

ಹುಲುಗಪ್ಪ ಸಿರುಗುಪ್ಪದಲ್ಲಿ ಭತ್ತ ಬೆಳೆಯುವವರು. ಹೊಳೆಯಷ್ಟೇ ದೊಡ್ಡ ಗಂಟಲು. ಇಪ್ಪತ್ತೆರಡು ವರ್ಷದಿಂದ ದೊಡ್ಡಬಸಪ್ಪನವರ ಸೊಲ್ಲು ಹಿಡಿಯುವವರು ಅವರೇ. ಮುಂದಾಳು ಒಂದು ಸಾಲು ಹಾಡುತ್ತಾನೆ, ಜೊತೆಗಾರ ಅದೇ ಸಾಲನ್ನು ಎತ್ತಿಕೊಂಡು ತಿರುಗಿ ಹಾಡುತ್ತಾನೆ. ಅದಕ್ಕೇ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ಒಂದು ಗಾಡಿಗೆ ಕಟ್ಟಿದ ಎರಡು ಎತ್ತಿನ ಕೆಲಸ ಅದು.

ಇಂಗ್ಲಿಷ್ ಬಲ್ಲವನೆಂದೂ, ಕೆಲವು ಕಾಲ ಮದರಾಸಿನಲ್ಲಿದ್ದು ತಮಿಳು ಕಲಿತವನೆಂದೂ ನನ್ನನ್ನು ಜೊತೆಗೆ ಸೇರಿಸಿಕೊಂಡರು. ಪಾಸ್‌ಪೋರ್ಟು ಬಂದವು. ಮೂವರೂ ತೋಳಿಗೆ ದೇವಿ ಹಾಕಿಸಿಕೊಂಡು ಚೀಟಿ ಪಡೆದೆವು. ಸಿಡುಬಿನ ಚುಚ್ಚುಮದ್ದಿಗೆ ನಮ್ಮ ಕಡೆ ಹಾಗೇ ಹೇಳುವುದು. ಹೊರಡುವ ದಿನ ಹುಲುಗಪ್ಪನವರನ್ನು ಕರೆಯಲು ಸಿರುಗುಪ್ಪಕ್ಕೆ ಹೋದಾಗ ಅವರ ಹೆಂಡತಿ ಈರಮ್ಮ ರೊಟ್ಟಿ ಬುತ್ತಿಯನ್ನು ನನ್ನ ಕೈಗೇ ಕೊಟ್ಟರು, ಗಂಡನ ಕೈಗಲ್ಲ.

“ಕರಕೊಂಡ ಹೋಗಾಕ ಬಂದವರು ನೀವು. ಕರಕೊಂಡ ಬರೋದೂ ನೀವ. ಇವರ ಮಾತ ಕೇಳಿ ಎಲ್ಲ್ಯಾರ ಬಿಟ್ಟ ಬಂದೀರಿ ಮತ್ತ.”

“ಏನವಾ, ನಾನೇನ ಛತ್ರಿ ಅದೀನೇನು ಮರತ ಬರಾಕ?” ಎಂದು ಹುಲುಗಪ್ಪ ನಕ್ಕರು.

ನಾನು ಆಗಲಿ ಎಂದೆ.

ಮಂಡಪಂ

ಗುಂತಕಲ್ಲು, ಮದರಾಸು, ಅಲ್ಲಿಂದ ದಕ್ಷಿಣಕ್ಕೆ ಇಡೀ ದಿನದ ಗಾಡಿ. ತ್ರಿಚಿನಾಪಳ್ಳಿ ದಾಟಿದ ಮೇಲೆ ಹುಲುಗಪ್ಪ ಹಾಡುವುದನ್ನು ನಿಲ್ಲಿಸಿ ಕಂಬಳಿ ಹೊದ್ದುಕೊಂಡರು. ಅಂಥ ಬಿಸಿಲಿನಲ್ಲಿ ಕಂಬಳಿ ಯಾಕೆ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ.

ಸಿಂಹಳಕ್ಕೆ ಹೋಗುವವರನ್ನು ಮಂಡಪಂ ಕ್ಯಾಂಪಿನಲ್ಲಿ ಇಳಿಸಿ ಡಾಕ್ಟರು ನೋಡುತ್ತಾರೆ. ಸುತ್ತ ಬಿಳಿ ಮರಳು, ತಾಳೆಮರ, ಸುಣ್ಣ ಬಳಿದ ಶೆಡ್ಡುಗಳ ಸಾಲು. ಡಾಕ್ಟರು ಹುಲುಗಪ್ಪನವರ ಅಂಗಿ ಬಿಚ್ಚಿಸಿದರು. ಬೆನ್ನ ಮೇಲೆ ಏಳೆಂಟು ಕೆಂಪು ಗುಳ್ಳೆ. ಮೈ ಜ್ವರದಿಂದ ಸುಡುತ್ತಿತ್ತು.

“ಬಿಸಿಲಿಗೆ ಎದ್ದಾವ್ರಿ. ನಮ್ಮ ಬಳ್ಳಾರಿ ಮಂದಿಗೆ ಇದೇನು ಹೊಸಾದಲ್ಲ” ಎಂದರು ಹುಲುಗಪ್ಪ. ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಡಾಕ್ಟರು ನಗಲಿಲ್ಲ. ಸಿಡುಬೋ ಅಲ್ಲವೋ ಎಂದು ನಾಲ್ಕೈದು ದಿನ ನೋಡದೆ ಹೇಳಲಾಗದು ಎಂದು ಅವರನ್ನು ಕೊನೆಯ ಶೆಡ್ಡಿಗೆ ಕಳಿಸಿದರು. ನಮ್ಮಿಬ್ಬರನ್ನು ಎರಡು ದಿನ ಬೇರೆ ಇಟ್ಟುಕೊಂಡು, ತೋಳಿನ ಮೇಲೆ ದೇವಿ ಚೆನ್ನಾಗಿ ಎದ್ದಿರುವುದನ್ನು ಕಂಡು ಬಿಟ್ಟರು.

ಹೊರಡುವ ಮೊದಲು ಹತ್ತು ಮಾರು ದೂರ ನಿಂತು ಮಾತಾಡಲು ಅಪ್ಪಣೆ ಸಿಕ್ಕಿತು. ಹುಲುಗಪ್ಪ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಈಗ ಮುಖದ ಮೇಲೂ ಗುಳ್ಳೆ ಎದ್ದಿದ್ದವು.

“ನಾ ಹೋಗೂದಿಲ್ಲಲೇ. ಇಲ್ಲೇ ಕುಂದರತೀನಿ” ಎಂದರು ದೊಡ್ಡಬಸಪ್ಪ.

“ಇಲ್ಲಿ ಕುಂತು ಏನ್ ಮಾಡ್ತೀಯಲೇ? ನನ್ನ ಗುಳ್ಳಿ ಎಣಸ್ತೀಯೇನು? ಆ ಯಮ್ಮ ಅಷ್ಟ ದೂರದಿಂದ ಕರದಾಳ. ಹೋಗಿ ಹಾಡಿ ಬಾ.”

“ಸೊಲ್ಲು?”

“ನಾ ಅದೀನಲ್ಲಲೇ. ಖಾಲಿ ಬಿಡು.”

ಇದನ್ನು ವಿವರಿಸಬೇಕು. ಕುರುಗೋಡಿನ ಈ ಮೇಳಕ್ಕೆ ಹಿರಿಯರಿಂದ ಬಂದ ಒಂದು ಕಟ್ಟು ಇದೆ. ಜೊತೆಗಾರ ಊರಲ್ಲಿ ಇಲ್ಲದಿದ್ದರೆ, ಕಾಯಿಲೆ ಬಿದ್ದಿದ್ದರೆ ಅವನ ಸೊಲ್ಲನ್ನು ಬೇರೆ ಯಾರೂ ಹಿಡಿಯುವುದಿಲ್ಲ. ಅಷ್ಟು ಹೊತ್ತು ಏಕತಾರಿ ಮಾತ್ರ ಮಿಡಿಯುತ್ತದೆ. ಅವನು ತೀರಿಕೊಂಡರೆ, ಹನ್ನೊಂದನೆಯ ದಿನ ಮೇಳ ಕೂತು, ಇನ್ನೊಬ್ಬ ಆ ಸೊಲ್ಲು ಹಿಡಿಯುತ್ತಾನೆ. ಸೊಲ್ಲು ಕೈ ಬದಲಾಯಿತೆಂದರೆ ಆ ಮನುಷ್ಯ ಇಲ್ಲವೆಂದೇ ಅರ್ಥ. ಕುರುಗೋಡು, ಸಿರುಗುಪ್ಪ, ತೆಕ್ಕಲಕೋಟೆ ಎಲ್ಲ ಕಡೆ ಇದು ಜನಕ್ಕೆ ಗೊತ್ತು. ನನಗೂ ಗೊತ್ತಿತ್ತು.

ಸಮುದ್ರ

ಧನುಷ್ಕೋಟಿಯಿಂದ ಹಡಗು ಎರಡು ಗಂಟೆಯ ದಾರಿ. ದೊಡ್ಡಬಸಪ್ಪನವರು ಸಮುದ್ರ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಕಟಕಟೆ ಹಿಡಿದು ನಿಂತರು.

“ಎಂಥಾ ಹೊಳಿ ಬಂದ್ರೂ ಆ ಕಡಿ ದಂಡಿ ಅಂತ ಒಂದ ಕಾಣತೈತಿ. ಇದಕ್ಕ ದಂಡೀನ ಇಲ್ಲಲ್ರಿ ರಾಯರ. ಅವನ ಕೂಡ ನೋಡಬೇಕಿತ್ತು.”

ಪೂಜೆಗೆ ಸಿಹಿನೀರು ಬೇಕೆಂದು ಕೇಳಿದ್ದಕ್ಕೆ ಹಡಗಿನ ಅಡಿಗೆಯವನು ಅರ್ಧ ಬಕೆಟ್ಟು ನೀರು ಕೊಟ್ಟು, ಇವರು ಲಿಂಗ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತದ್ದನ್ನು ನೋಡಿ, ತಲೆಸುತ್ತಿಗೆ ಇದು ಒಳ್ಳೆಯ ಮದ್ದೇ ಎಂದು ನನ್ನನ್ನು ಕೇಳಿದನು. ಹೌದೆಂದೆ. ಇವರಿಗೆ ತಲೆ ಸುತ್ತಲಿಲ್ಲ ಎಂಬುದು ನಿಜ. ನಾನು ಮೂರು ಸಲ ವಾಂತಿ ಮಾಡಿಕೊಂಡೆ.

ಕೊಲಂಬೊ

ಆಚೆ ದಡದಿಂದ ರಾತ್ರಿಯ ಗಾಡಿ ಹತ್ತಿ ಬಂದೆವು. ಬುಧವಾರ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಮಿಸ್ ಪೆರೇರಾ ನಿಂತಿದ್ದರು. ಕೂದಲು ಬೆಳ್ಳಗಾಗಿದೆ. ಕಂಟೋನ್ಮೆಂಟಿನಲ್ಲಿ ಕಲಿತ ಕನ್ನಡದಲ್ಲಿ ನಾಲ್ಕು ಮಾತು ಉಳಿದಿವೆ. “ಬರ್ರಿ, ಕುಂದರ್ರಿ, ಆರಾಮಾ?” ಎಂದವರು ನಮ್ಮ ಹಿಂದೆ ಇನ್ನೊಬ್ಬರನ್ನು ಹುಡುಕಿದರು. ಹೇಳಿದೆವು. ನರ್ಸ್ ಆದ್ದರಿಂದ ಗುಳ್ಳೆ ಎಲ್ಲಿ ಎದ್ದವು, ಎಷ್ಟನೆಯ ದಿನ, ಮೊದಲು ಬೆನ್ನಿಗೋ ಮುಖಕ್ಕೋ ಎಂದು ಒಂದೊಂದಾಗಿ ಕೇಳಿದರು. ಗುರುವಾರ ಕ್ಯಾಂಪಿನ ಡಾಕ್ಟರಿಗೆ ತಂತಿ ಕೊಟ್ಟರು. ಮರುತಂತಿಗೆ ತಾವು ಕೆಲಸ ಮಾಡುವ ಆಸ್ಪತ್ರೆಯ ವಿಳಾಸ ಬರೆದರು. ಶುಕ್ರವಾರ ಬರಲಿಲ್ಲ. ಶನಿವಾರವೂ ಬರಲಿಲ್ಲ.

ಆ ಮೂರು ದಿನ ಊರು ನೋಡಿದೆವು. ಎತ್ತ ತಿರುಗಿದರೂ ಹಸಿರು. ಬಳ್ಳಾರಿಯ ಬೋಳು ಗುಡ್ಡ ನೋಡಿ ಬೆಳೆದವರಿಗೆ ಅದು ಸ್ವಲ್ಪ ಹೆಚ್ಚೇ ಆಯಿತು. ಟ್ರಾಮಿನಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನಮ್ಮ ಬಸ್ಸಿನಲ್ಲಿ ಮೋಕ ಹಳ್ಳಿಯಲ್ಲಿ ಹತ್ತಿದವನ ಮನೆ ಸುದ್ದಿ ಬಳ್ಳಾರಿ ಬರುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಇಲ್ಲಿ ಪಕ್ಕದಲ್ಲಿ ಕೂತವನ ಹೆಸರೂ ತಿಳಿಯದು. ದೇವಸ್ಥಾನಕ್ಕೆ ಬಿಳಿ ಬಟ್ಟೆ ಉಟ್ಟು ಹೂವು ಹಿಡಿದು ಹೋಗುತ್ತಾರೆ, ಗಂಟೆ ಬಾರಿಸುವುದಿಲ್ಲ. ದೊಡ್ಡಬಸಪ್ಪನವರಿಗೆ ಈ ಮೌನ ಸೇರಲಿಲ್ಲ. “ಊರಾಗ ಯಾರಿಗ್ಯಾರ ಏನಾರ ಆಗೈತೇನ್ರಿ?” ಎಂದು ಕೇಳಿದರು.

ನಾವು ಇಳಿದುಕೊಂಡಿದ್ದ ಮಿಸ್ ಪೆರೇರಾ ಅವರ ಮನೆಯಲ್ಲಿ ಊಟದ ವಿಷಯದಲ್ಲಿ ದೊಡ್ಡ ಅನಾಹುತ ತಪ್ಪಿತು. ಅಕ್ಕಿಶಾವಿಗೆಯ ಪಕ್ಕ ಬಡಿಸಿದ್ದ ಕೆಂಪು ಕೊಬ್ಬರಿ ಚಟ್ನಿ ನಮ್ಮ ಕೆಂಪು ಖಾರದಂತೆಯೇ ಕಂಡಿತು. ದೊಡ್ಡಬಸಪ್ಪ ತುತ್ತು ಕಲಸಿ ಬಾಯಿಗೆ ಎತ್ತಿದ್ದರು. ಅಡಿಗೆಯಾಕೆ ಓಡಿ ಬಂದು ಅವರ ಕೈ ಹಿಡಿದುಬಿಟ್ಟಳು. ಅದರಲ್ಲಿ ಒಣಮೀನು ಕುಟ್ಟಿ ಹಾಕುತ್ತಾರಂತೆ. ಮನೆಯ ಯಜಮಾನಿ ಹೇಳಲು ಮರೆತದ್ದು ಆಕೆಗೆ ನೆನಪಿತ್ತು. ಆಮೇಲೆ ನಮಗೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಅದರ ಮೇಲೆ ತಾಳೆಬೆಲ್ಲದ ಪಾಕ. “ಈ ಮೊಸರಿಗೆ ಕತ್ತಿ ಬೇಕು” ಎಂದು ದೊಡ್ಡಬಸಪ್ಪ ಎರಡು ಕುಡಿಕೆ ಮುಗಿಸಿದರು.

ಚಿತ್ರಶಾಲೆ, ಶನಿವಾರ

ಚಿತ್ರಶಾಲೆಯೆಂದರೆ ಎತ್ತರದ ಕಿಟಕಿಗಳ ಒಂದೇ ಉದ್ದನೆಯ ಕೋಣೆ. ಗೋಡೆಯ ತುಂಬ ಹೃದಯಗಳು. ಒಂದರಲ್ಲಿ ಹಕ್ಕಿಗೂಡಿನ ಹಾಗೆ, ಒಂದರಲ್ಲಿ ಮುಚ್ಚಿದ ಮುಷ್ಟಿಯ ಹಾಗೆ. ನಡುಗೋಡೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಕಪ್ಪು ಕೆಂಪು ಬಣ್ಣದ್ದು.

“ಇದು ನಮ್ಮ ಬಳ್ಳಾರಿ ಅಂಜೂರಿ ಹಣ್ಣಲ್ರಿ” ಎಂದರು ದೊಡ್ಡಬಸಪ್ಪ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಚಿತ್ರಕಾರರು ಗಟ್ಟಿಯಾಗಿ ನಕ್ಕರು. ಮಾದರಿಗೆ ನಿಜವಾಗಿ ಅಂಜೂರವನ್ನೇ ಇಟ್ಟುಕೊಂಡಿದ್ದರಂತೆ, ತಂಗಿ ಬಳ್ಳಾರಿಯಿಂದ ತಂದ ಒಣ ಅಂಜೂರ.

ಅಂದು ತಾಲೀಮು. ಚಿತ್ರದ ಕೆಳಗೆ ಚಾಪೆ ಹಾಸಿದ್ದರು. ದೊಡ್ಡಬಸಪ್ಪ ತಮ್ಮ ಗುರುಗಳು ಕಟ್ಟಿದ ಪದ ಎತ್ತಿದರು:

ಎದಿಯೊಳಗ ಕುಂತಾನ ಕಮ್ಮಾರ,
ಹಗಲಿರುಳ ಬಡಿತಾನ, ಸುಮ್ಮನಿರ…

ಮೊದಲ ಸಾಲು ಮುಗಿಯಿತು. ಏಕತಾರಿ ಮಿಡಿಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಹದವಾದ ಗಂಟಲು ಅದೇ ಸಾಲನ್ನು ಎತ್ತಿಕೊಂಡಿತು. ಉಚ್ಚಾರ ಸ್ವಲ್ಪ ತಮಿಳು. ಶ್ರುತಿ, ತಾಳ ಸರಿಯಾಗಿತ್ತು.

ದೊಡ್ಡಬಸಪ್ಪ ಏಕತಾರಿಯನ್ನು ಚಾಪೆಯ ಮೇಲೆ ಮಲಗಿಸಿ, ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದರು.

ಹಾಡಿದವರು ಶಿವಲಿಂಗಂ, ಸಿಂಹಳದ ಉತ್ತರದ ಯಾಳ್ಪಾಣದ ಕಡೆಯ ತಮಿಳರು, ಅಂಚೆ ಕಚೇರಿಯ ಗುಮಾಸ್ತರು, ಮೃದು ಮನುಷ್ಯ. ಜೊತೆಗಾರನಿಲ್ಲದೆ ದೊಡ್ಡಬಸಪ್ಪ ಹಾಡಲಾರರು ಎಂದು ಮಿಸ್ ಪೆರೇರಾ ಅವರೇ ಇವರನ್ನು ಹುಡುಕಿ ತಂದಿದ್ದರು. ನಮಗೆ ಸಂತೋಷವಾಗಲಿ ಎಂದು ಮೊದಲೇ ಹೇಳಿರಲಿಲ್ಲ.

“ನನ್ನ ಹಾಡು ಅಷ್ಟು ಕೆಟ್ಟದಾಗಿತ್ತೆ?” ಎಂದು ಶಿವಲಿಂಗಂ ತಮಿಳಿನಲ್ಲಿ ಕೇಳಿದರು. ನಾನು ಕಟ್ಟನ್ನು ವಿವರಿಸಿದೆ. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು. ಮಿಸ್ ಪೆರೇರಾ ನನ್ನನ್ನೇ ನೋಡುತ್ತಿದ್ದರು. ಬುಧವಾರವೇ ನಾನು ಅವರಿಗೆ ಇದನ್ನು ಹೇಳಬಹುದಾಗಿತ್ತು.

ದೊಡ್ಡಬಸಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಶಿವಲಿಂಗಂ ಹೋಗಿ ಮುಂದೆ ನಿಂತು, ಹಿಡಿದದ್ದನ್ನು ಹಿಂದಕ್ಕೆ ಕೊಡುವ ದಾರಿ ಇದ್ದರೆ ಹೇಳಿ ಎಂದರು. ನಾನು ಕನ್ನಡದಲ್ಲಿ ಹೇಳಿದೆ.

“ಅವರದೇನು ತಪ್ಪಿಲ್ಲ ಅಂತ ಹೇಳ್ರಿ ರಾಯರ. ಛಲೋ ಹಾಡಿದ್ರು. ಅದಕ್ಕ ಎದಿ ಝಲ್ಲಂತು.” ಎದ್ದು ನಿಂತು, “ನಾ ಹಾಡೂದಿಲ್ಲ. ಊರಿಗೆ ನಡೀರಿ. ತಂತಿ ಯಾಕ ಬರವಲ್ದು ಅಂತ ಈಗ ಗೊತ್ತಾತು.”

ಅಂದೇ ಸಂಜೆ ನಾನು ಪತ್ರಿಕೆಗೆ ಐದು ಸಾಲು ಬರೆದು ವಿಮಾನದ ಅಂಚೆಗೆ ಹಾಕಿದೆ. ನಾವು ತಲುಪಿದ್ದು, ಹುಲುಗಪ್ಪನವರನ್ನು ಮಂಡಪಂನಲ್ಲಿ ತಡೆದದ್ದು, ತಾಲೀಮು ನಡೆದದ್ದು, ಸೊಲ್ಲನ್ನು ಶಿವಲಿಂಗಂ ಎಂಬವರು ಹಿಡಿದದ್ದು. ನಡೆದದ್ದು ಅಷ್ಟೇ, ಅಷ್ಟನ್ನೇ ಬರೆದೆ.

ಚಿತ್ರಶಾಲೆ, ಭಾನುವಾರ

ಬೆಳಿಗ್ಗೆ ಪೂಜೆ ಮುಗಿಸಿ ದೊಡ್ಡಬಸಪ್ಪ ಹಾಸಿಗೆ ಸುತ್ತಿ ಕಟ್ಟುತ್ತಿದ್ದರು.

“ಇವತ್ತು ನೀವು ಹಾಡದೆ ಹೋದರೆ ಏನರ್ಥ?” ಎಂದು ಕೇಳಿದೆ.

“ಏನರ್ಥ?”

“ಹುಲುಗಪ್ಪ ಇಲ್ಲ ಅಂತ ನೀವೇ ಸಾರಿದ ಹಾಗೆ. ತಂತಿ ಬಂದಿಲ್ಲ, ಡಾಕ್ಟರು ಹೇಳಿಲ್ಲ. ಖಾತ್ರಿಯಾಗದ ಸುದ್ದಿ ನಾವು ಅಚ್ಚು ಹಾಕುವುದಿಲ್ಲ.”

ಅವರು ಹಗ್ಗ ಬಿಗಿಯುವುದನ್ನು ನಿಲ್ಲಿಸಿದರು.

“ಖಾಲಿ ಬಿಟ್ಟ ಹಾಡಿದ್ರ ಅವ ಅದಾನ ಅಂತ ಆಗತೈತಿ.”

“ಹೌದು.”

“ಹಂಗಾರ ಹಾಡತೀನಿ. ಅವ ಖಾಲಿ ಬಿಡು ಅಂದಾನ. ಅವ ಅಂದದ್ದ ದೊಡ್ಡದು.”

ಆರು ಗಂಟೆಗೆ ಕೋಣೆ ತುಂಬಿತು. ನಿವೃತ್ತ ಡಾಕ್ಟರೊಬ್ಬರು ಇಂಗ್ಲಿಷಿನಲ್ಲಿ ಕವಿತೆ ಓದಿದರು. ನಲವತ್ತು ವರ್ಷ ಪರರ ಎದೆಗೆ ಕೊಳವೆಯಿಟ್ಟು ಕೇಳಿದವನು, ತನ್ನ ಹೆಂಡತಿಯ ಎದೆಗೆ ಕಿವಿಯಿಟ್ಟದ್ದು ಒಮ್ಮೆಯೇ, ಆಕೆಯ ಕೊನೆಯ ದಿನ ಎಂಬುದು ಅದರ ಸಾರ. ಇಬ್ಬರು ಅಕ್ಕತಂಗಿಯರು ಸಿಂಹಳದಲ್ಲಿ ಹಾಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ; ಹಾಡು ಮುಗಿದ ಮೇಲೆ ತಲೆ ಬಾಗಿಸುವುದು ಅಲ್ಲಿಯ ರೂಢಿಯಂತೆ.

ದೊಡ್ಡಬಸಪ್ಪ ಅಂಜೂರದ ಚಿತ್ರದ ಕೆಳಗೆ ಕೂತರು. ಹಾಡುವ ಮೊದಲು ನನ್ನನ್ನು ಕರೆದು ಸಭೆಗೆ ಒಂದು ಮಾತು ಹೇಳಿಸಿದರು: ನಡುನಡುವೆ ಹಾಡು ನಿಂತರೆ ಮರೆತಿದ್ದಾರೆಂದು ತಿಳಿಯಬೇಡಿ, ಅಲ್ಲಿ ಒಬ್ಬರು ಹಾಡುತ್ತಿದ್ದಾರೆ, ಅವರು ಸಮುದ್ರದ ಆಚೆ ಇದ್ದಾರೆ.

ಮೊದಲ ಸಾಲು. ಖಾಲಿ. ಏಕತಾರಿಯ ಒಂದೇ ತಂತಿ ಮಿಡಿಯುತ್ತಿತ್ತು. ಎರಡನೆಯ ಸಾಲು. ಖಾಲಿ. ಮೂರನೆಯ ಖಾಲಿಗೆ ಜನ ಮುಂದಕ್ಕೆ ಬಾಗಿ ಕೂತರು. ಮೇಲೆ ಫ್ಯಾನು ತಿರುಗುವುದು ಕೇಳುತ್ತಿತ್ತು. ಕವಿತೆ ಓದಿದ ಡಾಕ್ಟರು ತಮ್ಮ ಬಲಗೈಯಿಂದ ಎಡಗೈ ನಾಡಿ ಹಿಡಿದುಕೊಂಡು ಕೂತಿದ್ದರು. ಶಿವಲಿಂಗಂ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು.

ಬಡಿಯೂದು ನಿಂತಂದು ನಾವೆಲ್ಲಿ, ಅವನೆಲ್ಲಿ,
ಎದಿಯೊಳಗ ಕುಂತಾನ ಕಮ್ಮಾರ.

ಹಾಡು ಮುಗಿಯಿತು. ಕಡೆಯ ಖಾಲಿಯೂ ಮುಗಿಯಿತು. ಎಲ್ಲರೂ ತಲೆ ಬಾಗಿಸಿದರು.

ಜನ ತಲೆ ಎತ್ತುವಷ್ಟರಲ್ಲಿ ಬಾಗಿಲಲ್ಲಿ ಆಸ್ಪತ್ರೆಯ ಜವಾನ ನಿಂತಿದ್ದ. ತಂತಿ ನಾಲ್ಕೂವರೆಗೇ ಬಂದಿತ್ತು. ಭಾನುವಾರವಾದ್ದರಿಂದ ಮಿಸ್ ಪೆರೇರಾ ಅಲ್ಲಿರಲಿಲ್ಲ. ಅವರು ಒಡೆದು ಓದಿ, ಕನ್ನಡಕ ತೆಗೆದು, ನನ್ನ ಕೈಗೆ ಕೊಟ್ಟರು. ನಾನು ಚಾಪೆಯ ಬಳಿ ಹೋಗಿ ಕನ್ನಡದಲ್ಲಿ ಓದಿದೆ: ಸಿಡುಬಲ್ಲ, ಸೀತಾಳೆ. ಜ್ವರ ಇಳಿದಿದೆ. ಊಟ ಮಾಡುತ್ತಿದ್ದಾರೆ.

“ಇನ್ನೊಮ್ಮಿ ಓದ್ರಿ.”

ಓದಿದೆ.

“ಉಣ್ಣಾಕತ್ತಾನಂತಾ?”

“ಹೌದು.”

“ಹಂಗಾರ ಬದಕಿದ ಬಿಡ್ರಿ. ಕ್ಯಾಂಪಿನವರದ ಚಿಂತಿ ಇನ್ನ, ಅಕ್ಕಿ ಸಾಲಬೇಕಲ್ಲ!” ಎಂದು ದೊಡ್ಡಬಸಪ್ಪ ಆ ಮೌನದ ಕೋಣೆಯಲ್ಲಿ ಕುರುಗೋಡಿನ ಅಂಗಡಿ ಕಟ್ಟೆಯ ಮೇಲೆ ನಗುವ ಹಾಗೆ ನಕ್ಕರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಿಸ್ ಪೆರೇರಾ ತಂತಿಯನ್ನು ಸಿಂಹಳದಲ್ಲಿ ಹೇಳಿದರು. ಆಗ ಮಾತ್ರ ಆ ಜನ ಚಪ್ಪಾಳೆ ತಟ್ಟಿದರು.

ಶಿವಲಿಂಗಂ ಬಾಗಿಲ ಬಳಿ ನೆಲದ ಮೇಲೆ ಕೂತುಬಿಟ್ಟಿದ್ದರು. ದೊಡ್ಡಬಸಪ್ಪ ಅವರನ್ನು ಕೈಹಿಡಿದು ತಂದು ಚಾಪೆಯ ಮೇಲೆ ಮುಂದಾಳಿನ ಜಾಗದಲ್ಲಿ ಕೂರಿಸಿದರು.

“ನಿಮ್ಮ ಪದ ಒಂದು ಹೇಳ್ರಿ. ಸೊಲ್ಲು ನಾ ಹಿಡೀತೀನಿ. ಇದಕ್ಕ ಯಾವ ಕಟ್ಟೂ ಇಲ್ಲ.”

ದೊಡ್ಡಬಸಪ್ಪನವರಿಗೆ ತೆಲುಗು ಬರುತ್ತದೆ, ತಮಿಳು ಬಾರದು. ಶಿವಲಿಂಗಂ ಹಾಡಿದ ಒಂದೊಂದು ಸಾಲನ್ನೂ ತಪ್ಪು ತಪ್ಪಾಗಿ, ದೊಡ್ಡ ಗಂಟಲಿನಲ್ಲಿ ಹಿಡಿದರು. ತಮಿಳು ಬಲ್ಲವರು ನಕ್ಕರು, ಶಿವಲಿಂಗಂ ಕೂಡ ನಕ್ಕರು.

ಮಂಡಪಂ, ಮತ್ತೆ

ಸೋಮವಾರ ಹೊರಟು ಮಂಗಳವಾರ ಕ್ಯಾಂಪಿಗೆ ಬಂದೆವು. ಮೊದಲು ಈರಮ್ಮನವರಿಗೆ ತಂತಿ ಕೊಟ್ಟೆ: ಹುಷಾರಾಗಿದ್ದಾರೆ, ಬರುತ್ತೇವೆ. ಆಮೇಲೆ ಕಿಟಕಿಗೆ ಹೋದೆವು. ಹುಲುಗಪ್ಪನವರ ಗುಳ್ಳೆಗಳು ಒಣಗಿ ಹೊಪ್ಪಳೆಯಾಗಿದ್ದವು.

“ಖಾಲಿ ಬಿಟ್ಟೇನಲೇ?”

“ಬಿಟ್ಟೆ. ಆದ್ರ ಹಿಂದಿನ ದಿನ ತಾಲೀಮಿನ್ಯಾಗ ಒಬ್ಬರು ಗೊತ್ತಿಲ್ದ ಹಿಡದ್ರು.”

ಹುಲುಗಪ್ಪ ಸರಳಿನ ಹತ್ತಿರಕ್ಕೆ ಮುಖ ತಂದರು. “ಹೆಂಗ ಹಿಡದ್ರು? ಛಲೋ ಹಿಡದ್ರೋ ಇಲ್ಲೋ?”

“ಛಲೋ ಹಿಡದ್ರು.”

“ಹಂಗಾರ ಸತ್ತದ್ದಕ್ಕೂ ಸಾರ್ಥಕ ಆತು. ತಾಲೀಮಿಂದು ಲೆಕ್ಕಕ್ಕಿಲ್ಲ ಬಿಡಲೇ.”

ಹೊಪ್ಪಳೆ ಉದುರುವ ತನಕ ಡಾಕ್ಟರು ಬಿಡಲಿಲ್ಲ. ನಾವೂ ಅಲ್ಲೇ ಉಳಿದೆವು.

ಸಿರುಗುಪ್ಪ

ಫೆಬ್ರುವರಿ 23ರ ಶುಕ್ರವಾರ ಮಧ್ಯಾಹ್ನ ಬಸ್ಸಿಳಿದಾಗ ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಒಬ್ಬ ಮುದುಕ ಬಂದು ಹುಲುಗಪ್ಪನವರ ತೋಳು ಮುಟ್ಟಿ ನೋಡಿದ.

ನನ್ನ ತಂತಿ ಬುಧವಾರ ತಲುಪಿತ್ತು. ನನ್ನ ಐದು ಸಾಲು ಅಚ್ಚಾದ ಪತ್ರಿಕೆ ಅದರ ನಂತರ, ಶನಿವಾರ ತಲುಪಿತ್ತು. ತಂತಿಯಲ್ಲಿ ಹುಷಾರಾಗಿದ್ದಾರೆ ಎಂದಿತ್ತು. ಪತ್ರಿಕೆಯಲ್ಲಿ ಸೊಲ್ಲನ್ನು ಬೇರೆಯವರು ಹಿಡಿದರು ಎಂದಿತ್ತು. ಅದು ಯಾವ ದಿನದ ಮಾತು ಎಂದು ನಾನು ಬರೆದಿರಲಿಲ್ಲ.

ಈರಮ್ಮ ಬಾಗಿಲಲ್ಲಿ ನಿಂತಿದ್ದರು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನನ್ನು.

“ತಂತಿ ಮೊದಲ ಬಂತು, ಪೇಪರ ಆಮ್ಯಾಲ ಬಂತು ರಾಯರ. ಆಮ್ಯಾಲ ಬಂದದ್ದ ಖರೆ ಅಂದ್ರು ಎಲ್ಲಾರು. ಆರ ದಿನ ನಾ ಯಾರ ಮಾತೂ ಕೇಳಲಿಲ್ಲ. ಬಳಿ ತಗಿ ಅಂದ್ರು. ನಾ ತಗೀಲಿಲ್ಲ.”

ತಪ್ಪು ನನ್ನದು ಎಂದೆ.

“ಕರಕೊಂಡ ಬರ್ತೀನಿ ಅಂದಿದ್ರಿ. ಬಂದೀರಿ. ಒಳಗ ಬರ್ರಿ, ಉಣ್ರಿ.” ಗಂಡನ ಕಡೆ ತಿರುಗಿ ದನಿ ಏರಿಸಿದರು: “ಕಂಬಳಿ ಎಲ್ಲಿ?”

“ಕ್ಯಾಂಪಿನ್ಯಾಗ ಸುಟ್ರವಾ. ಹೊಪ್ಪಳಿ ಹತ್ತಿದ್ವು.”

“ಸುಡಾಕ ಬಿಟ್ಟಿ? ನಮ್ಮವ್ವ ಕೊಟ್ಟ ಕಂಬಳಿ!”

ಅವರು ಬೈಯುತ್ತಲೇ ಇದ್ದರು. ನಾವು ಮೂವರು ಕೈಕಾಲು ತೊಳೆದು ಊಟಕ್ಕೆ ಕೂತೆವು.

ಫೆಬ್ರುವರಿ 26ರ ಸೋಮವಾರ ಸಂಜೆ ಕುರುಗೋಡಿನಲ್ಲಿ ಮೇಳ ಕೂತಿತು. ದೊಡ್ಡಬಸಪ್ಪ ಕಮ್ಮಾರನ ಪದ ಹಾಡಿದರು. ಎಲ್ಲ ಸಾಲಿನ ಸೊಲ್ಲನ್ನೂ ಹುಲುಗಪ್ಪ ಹಿಡಿದರು.